ಆಷಾಢದ ಮಂಕು ಮತ್ತು ಸಂಜೆಯ ಕುಡಿತ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಮಲೆನಾಡಿನಲ್ಲಿ ಕುಡಿತ ಹೆಚ್ಚುತ್ತದೆ. ಅದನ್ನು ನಾವೆಲ್ಲ ‘ಥಂಡಿಗೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆಗುಂಬೆ ಸೀಮೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಬಹುಕಾಲ ಕೂತು ನಿವೃತ್ತನಾದ ನನಗೆ ಆ ವಿವರಣೆ ಸಾಲದೆನಿಸಿದೆ. ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ, ಆರಿದ್ರಾ ಹಿಡಿದರೆ ಆಶ್ಲೇಷಾ ಮುಗಿಯುವವರೆಗೆ ಬಿಸಿಲು ಕಂಡ ದಿನಗಳನ್ನು ಬೆರಳು ಮಡಿಚಿ ಎಣಿಸಬಹುದು. ಆ ದಿನಗಳಲ್ಲಿಯೇ ನಿದ್ದೆ ಮಾತ್ರೆ, ಮೈಕೈ ನೋವಿನ ಮಾತ್ರೆ, ‘ಶಕ್ತಿಗೊಂದು ಟಾನಿಕ್’ ಎಂದು ಕೇಳಿಕೊಂಡು ಬರುವವರು ಹೆಚ್ಚುತ್ತಿದ್ದರು. ಏನಾಗಿದೆ ಎಂದು ಕೇಳಿದರೆ ಬರುತ್ತಿದ್ದ ಉತ್ತರ ಒಂದೇ: ‘ಏನೂ ಇಲ್ಲ, ಒಟ್ಟು ಬೇಜಾರು.’ ಅವರಲ್ಲಿ ಕೆಲವರ ಬಾಯಿಂದ ಬೆಳಗಿನ ಹತ್ತು ಗಂಟೆಗೇ ಸಾರಾಯಿಯ ವಾಸನೆ ಬರುತ್ತಿತ್ತು.

ವರ್ಷದ ಒಂದೇ ಋತುವಿನಲ್ಲಿ ಮರುಕಳಿಸಿ, ಋತು ಬದಲಾದಾಗ ತಾನಾಗಿ ಇಳಿಯುವ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೊಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರತ್ಯೇಕ ಸ್ಥಿತಿಯೆಂದು ವಿವರಿಸಿದರು. ಎಷ್ಟು ಮಲಗಿದರೂ ಸಾಲದ ನಿದ್ದೆ, ಸಿಹಿ ಮತ್ತು ಹಿಟ್ಟಿನ ಪದಾರ್ಥಗಳ ಮೇಲಿನ ಆಸೆ, ಕೈಕಾಲು ಎತ್ತಲಾಗದಂಥ ಭಾರ, ಯಾರೊಡನೆಯೂ ಬೆರೆಯಲು ಮನಸ್ಸಿಲ್ಲದಿರುವುದು ಇದರ ಲಕ್ಷಣಗಳು. ಆ ವಿವರಣೆ ಹುಟ್ಟಿದ್ದು ಚಳಿಗಾಲದಲ್ಲಿ ಹಗಲೇ ಕುಗ್ಗಿಹೋಗುವ ನಾಡುಗಳಲ್ಲಿ. ನಮ್ಮಲ್ಲಿ ಪಂಚಾಂಗದ ಲೆಕ್ಕಕ್ಕೆ ಜೂನ್ ತಿಂಗಳಿನದೇ ಅತಿ ದೀರ್ಘ ಹಗಲು. ಆದರೆ ಮೋಡ, ಅಡಿಕೆ ತೋಟದ ನೆರಳು, ತಗ್ಗಿದ ಸೂರು, ದಿನಗಟ್ಟಲೆ ಇಲ್ಲದ ಕರೆಂಟು ಇವೆಲ್ಲ ಸೇರಿ ಆ ಹಗಲು ಮನೆಯೊಳಗಿನ ಮನುಷ್ಯನ ಕಣ್ಣಿಗೆ ಮುಟ್ಟುವುದೇ ಇಲ್ಲ. ನಿದ್ದೆ ಎಚ್ಚರಗಳನ್ನು ನಡೆಸುವ ದೇಹದ ಗಡಿಯಾರವನ್ನು ದಿನವೂ ಸರಿಪಡಿಸುವುದು ಬೆಳಗಿನ ಬೆಳಕು. ಅದು ತಪ್ಪಿದಾಗ, ಮೇಲಿಂದ ಅಡಿಕೆಗೆ ತಗಲುವ ಕೊಳೆರೋಗದ ಚಿಂತೆಯೂ ಬ್ಯಾಂಕಿನ ಸಾಲದ ಚಿಂತೆಯೂ ಕೂಡಿಕೊಂಡಾಗ, ಒಂಟಿಮನೆಯಲ್ಲಿರುವವನ ಮನಸ್ಸು ಮಂಕಾದರೆ ಅದು ಅವನ ಸೋಮಾರಿತನವಲ್ಲ.

ಇಂಥವನಿಗೆ ಸಂಜೆಯ 90 ಮಿ.ಲೀ. ಟೆಟ್ರಾ ಪ್ಯಾಕು ಮೊದಮೊದಲು ಔಷಧದಂತೆಯೇ ಕಾಣುತ್ತದೆ. ಎದೆಯ ಬಿಗಿ ಸಡಿಲವಾಗುತ್ತದೆ, ಕಣ್ಣೆವೆ ಬೇಗ ಮುಚ್ಚುತ್ತದೆ. ಆದರೆ ಮದ್ಯ ತಂದ ನಿದ್ದೆ ರಾತ್ರಿಯ ಉತ್ತರಾರ್ಧದಲ್ಲಿ ಹರಿದುಹೋಗುತ್ತದೆ. ನಸುಕಿನಲ್ಲಿ ಎಚ್ಚರವಾದವನಿಗೆ ಹಿಂದಿನ ದಿನಕ್ಕಿಂತ ಹೆಚ್ಚಿನ ಕಳವಳ. ಮೆದುಳಿನ ಚಟುವಟಿಕೆಯನ್ನು ತಗ್ಗಿಸುವ ಈ ದ್ರವ ಖಿನ್ನತೆಯನ್ನು ಬೆಳೆಸುತ್ತದೆ, ಬೆಳೆದ ಖಿನ್ನತೆ ಇನ್ನೊಂದು ಪ್ಯಾಕನ್ನು ಕೇಳುತ್ತದೆ. ಮಳೆ ನಿಂತಾಗ ಮಂಕು ಹೋಗಬಹುದು, ಅಷ್ಟರಲ್ಲಿ ಅಂಟಿಕೊಂಡ ಚಟ ಮಳೆಯ ಜೊತೆಗೆ ಹೋಗುವುದಿಲ್ಲ. (ಕವಳದ ಹೊಗೆಸೊಪ್ಪಿನ ಕಥೆಯೂ ಬಹುತೇಕ ಇದೇ. ಆದರೆ ಅದನ್ನು ಚಟವೆಂದು ಕರೆದರೆ ನಮ್ಮೂರಿನಲ್ಲಿ ಜಗಳಕ್ಕೇ ಬರುತ್ತಾರೆ.)

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆಷಾಢವಿಡೀ ಕುಡಿದವರು ಶ್ರಾವಣ ಹುಟ್ಟಿದ ದಿನ ಬಿಡುವ ಪದ್ಧತಿ ನಮ್ಮಲ್ಲಿದೆ. ಮನೆಯವರೂ ದೇವರಿಗೆ ಕೈಮುಗಿದು ಸಮಾಧಾನಪಡುತ್ತಾರೆ. ಅಪರೂಪಕ್ಕೆ ಕುಡಿಯುವವನಿಗೆ ಇದರಿಂದ ತೊಂದರೆಯಿಲ್ಲ. ಆದರೆ ದಿನವೂ ವಿಪರೀತ ಕುಡಿದು ಬೆಳಿಗ್ಗೆ ಕೈನಡುಕಕ್ಕೂ ಮದ್ಯ ಬೇಕಾಗುವ ಹಂತ ಮುಟ್ಟಿದವನು ಒಮ್ಮೆಗೇ ನಿಲ್ಲಿಸಿದರೆ, ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಂಡಂತಾಗಿ, ಬಡಬಡಿಸಿ, ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಇದನ್ನು ಗಾಳಿ ಸೋಕಿದೆ ಎಂದು ತಿಳಿದು ಯಂತ್ರ ಕಟ್ಟಿಸಿದ ಮನೆಯೊಂದನ್ನು ನಾನು ಬಲ್ಲೆ. ನಾಲ್ಕನೆಯ ದಿನ ಜೀಪಿನಲ್ಲಿ ಅವನನ್ನು ಆಸ್ಪತ್ರೆಗೆ ತಂದಾಗ ಕೈಕಾಲು ಕಟ್ಟಿದ್ದರು. ಬಿಡುವ ಸಂಕಲ್ಪ ಶ್ರಾವಣಕ್ಕೇ ಇರಲಿ, ಅದಕ್ಕೆ ಮುಂಚೆ ಒಮ್ಮೆ ವೈದ್ಯರನ್ನು ಕಾಣಬೇಕು. ಖಿನ್ನತೆ ಮತ್ತು ಕುಡಿತ ಎರಡನ್ನೂ ಅವರಿಗೆ ಒಟ್ಟಿಗೇ ಹೇಳಬೇಕು, ಏಕೆಂದರೆ ಒಂದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಮಾಡುವ ಚಿಕಿತ್ಸೆ ನಿಲ್ಲುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಪರದೇಶಗಳಲ್ಲಿ ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಬೆಳಕು ಕೊಡುವ ದೀಪದ ಮುಂದೆ ಕೂರಿಸುತ್ತಾರೆ. ನಮ್ಮಲ್ಲಿ ಮೋಡದ ಹಗಲಿನಲ್ಲೂ ಅಂಗಳದ ಬೆಳಕು ಒಳಮನೆಯ ಬಲ್ಬಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ, ಎದ್ದಕೂಡಲೇ ಒಲೆಯ ಮುಂದೆ ಮುದುಡುವ ಬದಲು ಜಗುಲಿಯಲ್ಲಿ ಕಂಬಳಿ ಹೊದ್ದು ಕಾಫಿ ಕುಡಿದರೂ, ಮಳೆ ತೆರಪು ಕೊಟ್ಟಾಗ ತೋಟಕ್ಕೊಂದು ಸುತ್ತು ಹೋಗಿಬಂದರೂ ಉಪಯೋಗವಿದೆ. ಸಾಯುವ ಮಾತು ಬಂದರೆ ಮಾತ್ರ ಇವಕ್ಕೆ ಕಾಯಬಾರದು, ಅಂಥವರನ್ನು ಒಬ್ಬರೇ ಬಿಡಲೂಬಾರದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಗಲಿರುಳೂ ಉಚಿತವಾಗಿ ಸಲಹೆ ನೀಡುವ ಟೆಲಿ ಮನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ಇದೆ, ಕನ್ನಡದಲ್ಲೇ ಮಾತನಾಡಬಹುದು. ತೊಂದರೆಯೆಂದರೆ, ಕರೆಂಟು ಹೋದ ಕೆಲವೇ ಗಂಟೆಗಳಲ್ಲಿ ನಮ್ಮ ಮೊಬೈಲ್ ಟವರ್‌ಗಳೂ ಸತ್ತುಬೀಳುತ್ತವೆ. ಸಹಾಯವಾಣಿ ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲಿ ಅದಕ್ಕೆ ಕರೆ ಮಾಡಲು ಛತ್ರಿ ಹಿಡಿದು ಗುಡ್ಡ ಹತ್ತಬೇಕು. ಜಿಲ್ಲಾಡಳಿತವು ಮೇ ತಿಂಗಳೊಳಗೆ ಈ ಟವರ್‌ಗಳ ಬ್ಯಾಟರಿ ಮತ್ತು ಡೀಸೆಲ್ ವ್ಯವಸ್ಥೆಯನ್ನು ಪರಿಶೀಲಿಸಬೇಕು. ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇನ್ನೂ ಚಿಕ್ಕದು: ಡೆಂಗಿ ಲಾರ್ವಾ ಹುಡುಕಲು ಆಶಾ ಕಾರ್ಯಕರ್ತೆಯರು ಹೇಗೂ ಮನೆಮನೆಗೆ ಬರುತ್ತಾರೆ. ಅವರ ನಮೂನೆಯಲ್ಲಿ ಈ ಮನೆಯಲ್ಲಿ ಯಾರಿಗಾದರೂ ಎರಡು ವಾರದಿಂದ ಏನೂ ಬೇಡವೆನಿಸಿದೆಯೇ, ಯಾರ ಕುಡಿತವಾದರೂ ಈ ಮಳೆಯಲ್ಲಿ ಹೆಚ್ಚಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಲಿ.

— ನಿವೃತ್ತ ಫಾರ್ಮಸಿಸ್ಟ್, ತೀರ್ಥಹಳ್ಳಿ ತಾಲ್ಲೂಕು