ಮಗಳಿಗೊಂದು ಪತ್ರ: ಆ ಚಿನ್ನದ ಕೋವಿಗೆ ತೋಟಾ ತುಂಬುವ ಮುನ್ನ

ಪ್ರೀತಿಯ ಪುಟ್ಟಿ,

ಅಜ್ಜನ ವಿಂಚೆಸ್ಟರ್ ಉಯಿಲಿನ ಮೂಲಕ ನಿಮ್ಮ ಒಹಾಯೋ ಮನೆ ಸೇರಿತು ಎಂದು ತಿಳಿಯಿತು. ನಮ್ಮ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದರಲ್ಲೇ ತೆಂಗಿನಕಾಯಿಗೆ ಗುಂಡು ಹೊಡೆಯೋಣ ಅಂತ ನೀನು, ಅದನ್ನು ಗಾಜಿನ ಕಪಾಟಿನಿಂದ ಆಚೆ ತೆಗೆಯಲೇಬಾರದು ಅಂತ ಅಳಿಯ. ಇಬ್ಬರೂ ನನ್ನ ತೀರ್ಪು ಕೇಳಿದ್ದೀರಿ. ಈ ಕೋವಿಗಳ ವಿಷಯದಲ್ಲಿ ತೀರ್ಪು ಬಹಳಷ್ಟು ಸಲ ಕೋವಿಯ ಮೈಮೇಲೇ ಬರೆದಿರುತ್ತದೆ. ಮೊದಲು ಅದನ್ನು ಓದಿ, ವಾದ ಆಮೇಲೆ ಮಾಡಿ.

ನೀನು ಕಳಿಸಿದ ಫೋಟೋದಲ್ಲಿರುವುದು ಮಾಡೆಲ್ 94ರ ಸೆಂಟೆನಿಯಲ್ '66. ವಿಂಚೆಸ್ಟರ್ ಕಂಪನಿಗೆ 1966ರಲ್ಲಿ ನೂರು ವರ್ಷ ತುಂಬಿದಾಗ ಹೊರತಂದದ್ದು. ಎಂಟು ಮೂಲೆಯ ನಳಿಗೆ, ಚಿನ್ನದ ಲೇಪದ ರಿಸೀವರ್ (ಬೋಲ್ಟ್, ಹ್ಯಾಮರ್ ಕೂರುವ ನಡುಭಾಗ), .30-30 ತೋಟಾ. ನಳಿಗೆ 26 ಇಂಚಿದ್ದರೆ ರೈಫಲ್, 20 ಇಂಚಿದ್ದರೆ ಕಾರ್ಬೈನ್. ನಿಮ್ಮದು ರೈಫಲ್ಲೇ ಇರಬೇಕು, ಆದರೂ ಅಳೆದು ನೋಡು. ಆ ಹಳದಿ ಬಣ್ಣ 1866ರ ಮಾಡೆಲ್‌ನ ನೆನಪಿಗೆ. ಅದರ ಕಂಚಿನ ರಿಸೀವರ್ ನೋಡಿಯೇ ಜನ ಅದನ್ನು ಯೆಲ್ಲೋ ಬಾಯ್ ಎಂದು ಕರೆದದ್ದು.

ಬೆಲೆಯ ಬಗ್ಗೆ ಅಳಿಯನಿಗೆ ಇರುವ ಕನಸನ್ನು ಸ್ವಲ್ಪ ಇಳಿಸಬೇಕು. ಈ ಮಾದರಿ ಒಂದು ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಕೊಂಡವರಲ್ಲಿ ಬಹಳ ಜನ ‘ಮುಂದೆ ಬೆಲೆ ಬರುತ್ತದೆ’ ಎಂದು ಪೆಟ್ಟಿಗೆಯ ಸಮೇತ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟ ವಸ್ತು ಅಪರೂಪವಾಗುವುದು ಹೇಗೆ? ಅಂದಿನ ಬೆಲೆ 125 ಡಾಲರ್. ಹಣದುಬ್ಬರ ಸೇರಿಸಿದರೆ ಅದೇ ಇವತ್ತು ಸಾವಿರ ಡಾಲರ್ ದಾಟುತ್ತದೆ. ಹರಾಜಿನ ಜಾಲತಾಣಗಳಲ್ಲಿ ನೋಡುವಾಗ ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟ ಮುಗಿದ ಬೆಲೆ ಮಾತ್ರ ನೋಡಿ. ಎರಡು ಸಾಲು ಬರೆದುಕೊಳ್ಳಿ: ಪೆಟ್ಟಿಗೆ ಸಮೇತ, ಈಡು ಬೀಳದ ಸೆಂಟೆನಿಯಲ್‌ಗೆ ಎಷ್ಟು, ಅದೇ ಕಾಲದ ಸಾದಾ ಮಾಡೆಲ್ 94, ಬಳಸಿದ್ದು, ಎಷ್ಟು. ನೀವು ಒಂದು ಗುಂಡು ಹೊಡೆದರೆ ಕಳೆದುಕೊಳ್ಳುವುದು ಹೆಚ್ಚುಕಡಿಮೆ ಆ ಎರಡರ ನಡುವಿನ ಅಂತರವನ್ನು.

ಈಗ ಕೋವಿಯನ್ನು ಓದುವ ಕೆಲಸ. ಮೊಟ್ಟಮೊದಲು ಅದು ಖಾಲಿಯೇ ಎಂದು ಖಚಿತ ಮಾಡಿಕೋ. ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿಗಿರಲಿ, ಬೆರಳು ಟ್ರಿಗರ್‌ನಿಂದ ದೂರ ಇರಲಿ. ಟ್ರಿಗರ್ ಸುತ್ತಲಿನ ಸನ್ನೆಯಂಥ ಲಿವರನ್ನು ನಿಧಾನವಾಗಿ ಪೂರ್ತಿ ಇಳಿಸಿ, ಟಾರ್ಚ್ ಹಿಡಿದು ತೋಟಾ ಕೂರುವ ಛೇಂಬರ್ ನೋಡು, ಆಮೇಲೆ ನಳಿಗೆಯ ಕೆಳಗಿರುವ ಉದ್ದ ಮ್ಯಾಗಜಿನ್ ಕೊಳವೆಯ ಬಾಯಿ ನೋಡು. ಅಲ್ಲಿ ತೋಟಾ ತಳ್ಳುವ ಫಾಲೋವರ್ ಕಾಣಬೇಕು, ಹಿತ್ತಾಳೆಯ ತೋಟಾ ಕಾಣಬಾರದು. ಕಂಡರೆ ಎಲ್ಲ ಹೊರಬರುವ ತನಕ ಲಿವರ್ ಆಡಿಸು. ‘ಎತ್ತಿಟ್ಟ ಕೋವಿ, ಗುರುತು ಬೀಳುತ್ತದೆ’ ಎಂದು ಈ ಹೆಜ್ಜೆ ಬಿಡಬೇಡ. ಲೇಪದ ಮೇಲಿನ ಗೆರೆಗಿಂತ ಮನೆಯವರ ಜೀವ ದೊಡ್ಡದು. ಮುಗಿದ ಮೇಲೆ ಖಾಲಿ ಛೇಂಬರ್ ಮೇಲೆ ಟ್ರಿಗರ್ ಎಳೆದು ‘ಟಕ್’ ಅನ್ನಿಸಬಾರದು. ಹ್ಯಾಮರ್ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಲಿವರನ್ನು ಹಿಡಿಗೆ ಪೂರ್ತಿ ಅಮುಕಿ, ಆಮೇಲೆ ಟ್ರಿಗರ್ ಎಳೆದು ಮೆಲ್ಲಗೆ ಇಳಿಸು. ಲಿವರ್ ಅಮುಕದಿದ್ದರೆ ಟ್ರಿಗರ್ ಅಲುಗುವುದಿಲ್ಲ. ಅದು ಕೆಟ್ಟಿದೆ ಅಂತ ಅಲ್ಲ, ಈ ಕೋವಿಯ ಸುರಕ್ಷೆಯೇ ಹಾಗೆ.

ಲಿವರ್ ಇಳಿಸಿದಾಗ ರಿಸೀವರ್‌ನ ತಳವೇ ಕೆಳಗೆ ಬಾಗಿ, ಛೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಹಿಂದೆ ಸರಿದು ಹ್ಯಾಮರನ್ನು ತುಳಿಯುತ್ತದೆ. ತುಳಿದ ಜಾಗ ಸವೆಯುತ್ತದೆ. ಹ್ಯಾಮರಿನ ಮುಖ ಮತ್ತು ಬೋಲ್ಟಿನ ಅಡಿ ನೋಡು: ಮಿರುಗುವ ಉಜ್ಜಿದ ಪಟ್ಟಿ ಇದ್ದರೆ ಲಿವರನ್ನು ಬಹಳ ಸಲ ಆಡಿಸಿದ್ದಾರೆ. ತೋಟಾ ಎತ್ತುವ ತಟ್ಟೆಯ ಮೇಲೆ ಹಿತ್ತಾಳೆಯ ಸವರು ಇದೆಯೇ? ಬಲಗಡೆ ತೋಟಾ ತುಂಬುವ ಬಾಗಿಲಿನ ಅಂಚಿನಲ್ಲಿ ಚಿನ್ನ ಗೀರಿದೆಯೇ? ತೋಟಾ ತುಂಬಿದ ಕೋವಿ ಮೊದಲು ಗಾಯಗೊಳ್ಳುವುದು ಅಲ್ಲೇ. ಕೊನೆಗೆ ಬೋಲ್ಟಿನ ಮುಖ. ಫೈರಿಂಗ್ ಪಿನ್ನಿನ ತೂತಿನ ಸುತ್ತ ತೋಟಾದ ಬುಡದ ಉಂಗುರ ಅಚ್ಚಾಗಿ, ಮಸಿ ಕೂತಿದ್ದರೆ ಗುಂಡು ಹೊಡೆದಿದ್ದಾರೆ. ತೀರಾ ಮಸುಕಾದ ಗುರುತು ಕಂಡರೆ ಗಾಬರಿ ಬೇಡ: ಕಾರ್ಖಾನೆಯಲ್ಲಿ ಪ್ರತಿ ಕೋವಿಯನ್ನೂ ಪರೀಕ್ಷೆಗೆ ಹೊಡೆದೇ ಮುದ್ರೆ ಒತ್ತುತ್ತಿದ್ದರು. ‘ಈಡು ಬೀಳದ್ದು’ ಅಂದರೆ ಕಾರ್ಖಾನೆ ಬಿಟ್ಟ ಮೇಲೆ ಬೀಳದ್ದು ಎಂದೇ ಅರ್ಥ.

ಇನ್ನು ಪೆಟ್ಟಿಗೆ. ಅಜ್ಜನ ಅಟ್ಟ, ಗ್ಯಾರೇಜು ಎಲ್ಲ ಹುಡುಕಿ. ಹೊರ ರಟ್ಟು, ಕೈಪಿಡಿ, ನೇತಾಡುವ ಚೀಟಿ ಯಾವುದನ್ನೂ ಕಸ ಅನ್ನಬೇಡಿ. ಪೆಟ್ಟಿಗೆಯ ಮೇಲೆ ನಂಬರ್ ಇದ್ದರೆ ಅದು ಕೋವಿಯ ಸೀರಿಯಲ್ ನಂಬರಿಗೆ ಹೊಂದುತ್ತದೆಯೇ ನೋಡಿ.

ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ಪೆಟ್ಟಿಗೆ ಇಲ್ಲ, ಬಾಗಿಲಿನ ಅಂಚು ಗೀರಿದೆ, ಬೋಲ್ಟಿಗೆ ಮಸಿ ಹಿಡಿದಿದೆ ಅಂತಾದರೆ ಅದನ್ನು ಕಪಾಟಿನಲ್ಲಿ ಪೂಜಿಸುವುದಕ್ಕೆ ಕಾರಣವೇ ಇಲ್ಲ. ಅಜ್ಜ ಖುಷಿಯಿಂದ ಬಳಸಿದ ಕೋವಿ, ನೀವೂ ಬಳಸಿ. ಪೆಟ್ಟಿಗೆ ಇದ್ದು, ಎಲ್ಲೂ ಗುರುತಿಲ್ಲದಿದ್ದರೆ ಹೊಡೆಯಬೇಡ. ಲಕ್ಷ ಕೋವಿಗಳ ನಡುವೆ ಇದಕ್ಕಿರುವ ಹೆಚ್ಚುಗಾರಿಕೆ ಅದೊಂದೇ, ಒಂದು ಈಡಿಗೆ ಅದು ಹೋದರೆ ಮತ್ತೆ ಬಾರದು. ಗುರಿ ಹೊಡೆಯುವ ಆಸೆಗೆ ಬಳಸಿದ ಸಾದಾ 94 ಒಂದನ್ನು ಕೊಂಡುಕೋ. ತೋಟಾ ಅದೇ, ಲಿವರ್ ಅದೇ, ಭುಜಕ್ಕೆ ಬಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ನಡುವಿನದ್ದು ಕಷ್ಟ: ಪೆಟ್ಟಿಗೆ ಇದೆ, ಆದರೆ ಅಜ್ಜ ಒಂದಿಷ್ಟು ಹೊಡೆದಿದ್ದಾರೆ. ಅಂಥದ್ದನ್ನು ವರ್ಷಕ್ಕೊಮ್ಮೆ ಹತ್ತು ಗುಂಡಿಗೆ ಹೊರತೆಗೆಯುವುದೇ ಸರಿ ಎಂದು ನನಗನ್ನಿಸುತ್ತದೆ. ಸಂಗ್ರಹಕಾರರು ಒಪ್ಪಲಾರರು. ಒಪ್ಪದಿರಲಿ, ಕೋವಿ ಅವರದ್ದಲ್ಲ.

ಹೊಡೆಯುವುದಾದರೆ ಹೀಗೆ ಮಾಡು. ಅರವತ್ತು ವರ್ಷದ ಎಣ್ಣೆ ಒಳಗೆ ಗಟ್ಟಿ ವಾರ್ನಿಷ್ ಆಗಿರುತ್ತದೆ. ಫೈರಿಂಗ್ ಪಿನ್ ಅಂಟಿಕೊಂಡರೆ ತೋಟಾದ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರಿಗೆ ಪೆಟ್ಟು ಸಾಲದೆ ಈಡು ಹತ್ತುವುದಿಲ್ಲ. ಛೇಂಬರಿನಲ್ಲಿ ಎಣ್ಣೆ ಉಳಿದರೆ ತೋಟಾದ ಹಿತ್ತಾಳೆ ಗೋಡೆಗೆ ಕಚ್ಚಿ ನಿಲ್ಲದೆ ಹಿಂದೆ ಜಾರಿ, ಪೂರ್ತಿ ಒತ್ತಡ ಬೋಲ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಮೊದಲು ಅನುಭವಿ ಗನ್‌ಸ್ಮಿತ್ ಹತ್ತಿರ ಶುಚಿ ಮಾಡಿಸಿ, ಗೇಜ್ ಹಾಕಿಸಿ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಂದೆ ತೋಟಾಗೆ ಸಿಗುವ ಜಾಗ) ನೋಡಿಸು. ಸ್ಕ್ರೂಗೆ ಮಾತ್ರ ನೀವು ಕೈ ಹಾಕಬೇಡಿ. ಮನೆಯ ಸ್ಕ್ರೂಡ್ರೈವರಿನ ಮೊನೆ ಬೆಣೆಯಂತೆ ಸಪೂರವಾಗುತ್ತಾ ಹೋಗುತ್ತದೆ, ಸ್ಕ್ರೂ ತಲೆಯ ಸೀಳಿನಿಂದ ಜಾರಿ ಚಿನ್ನದ ಮೇಲೆ ಗೀಟು ಎಳೆಯುತ್ತದೆ.

ತೋಟಾದ ಬುಡದ ಮೇಲೆ .30-30 ವಿಂಚೆಸ್ಟರ್ ಎಂದಿರಬೇಕು, ಗುಂಡಿನ ಮೂಗು ಚಪ್ಪಟೆ ಇರಬೇಕು. ಕೊಳವೆಯೊಳಗೆ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗುತ್ತವೆ, ಹಿಂದಿನದರ ಮೂಗು ಮುಂದಿನದರ ಪ್ರೈಮರಿಗೆ ತಾಗಿರುತ್ತದೆ. ಚೂಪಾದ ಗಟ್ಟಿ ಮೊನೆಯಾದರೆ ಈಡಿನ ಧಕ್ಕೆಗೆ ಕೊಳವೆಯೊಳಗೇ ಸಿಡಿಯಬಹುದು. ಮೊದಲ ಸಲ ಒಂದೇ ತೋಟಾ ಹಾಕಿ ಹೊಡೆ. ಖಾಲಿ ಕೇಸನ್ನು ಎತ್ತಿ ನೋಡು: ಬುಡದ ಹತ್ತಿರ ಉಬ್ಬು, ಸುತ್ತಲೂ ಹೊಳೆಯುವ ಗೆರೆ, ಬಿರುಕು ಏನೇ ಕಂಡರೂ ಅಂದಿಗೆ ಸಾಕು, ಕೋವಿ ಮತ್ತೆ ಗನ್‌ಸ್ಮಿತ್ ಕೈಗೆ ಹೋಗಲಿ. ಕೇಸು ಮೇಲಕ್ಕೇ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ, ತಲೆಗೆ ಟೊಪ್ಪಿ ಇರಲಿ. ತೆಂಗಿನಕಾಯಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಬೇಕೇ ಬೇಕು. 150 ಗ್ರೇನ್ ತೂಕದ ಈ ಗುಂಡಿಗೆ ಕಾಯಿ ಒಂದು ಅಡ್ಡಿಯೇ ಅಲ್ಲ.

ಅವತ್ತೇ ಸಂಜೆ ಶುಚಿ ಮಾಡು. ಹಿಂದಿನಿಂದ ಕೋಲು ತೂರಲು ಈ ಕೋವಿಯಲ್ಲಿ ದಾರಿಯಿಲ್ಲ, ಬಾಯಿಯ ಕಡೆಯಿಂದಲೇ ಹಾಕಬೇಕು. ಕೋಲು ಉಜ್ಜಿ ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ, ಅದಕ್ಕೆ ಬಾಯಿಗೆ ಹಿತ್ತಾಳೆಯ ಗೈಡ್ ತೊಡಿಸು, ಇಲ್ಲವಾದರೆ ಹಿಂದಿನಿಂದ ಇಳಿಬಿಟ್ಟು ಎಳೆಯುವ ಹಗ್ಗದ ಬ್ರಶ್ ಬಳಸು. ಬಾಯಿ ತಗ್ಗಾಗಿರಲಿ, ರಿಸೀವರಿಗೆ ಬಟ್ಟೆ ಸುತ್ತಿರು. ತಾಮ್ರ ಕರಗಿಸುವ ಅಮೋನಿಯಾ ದ್ರವ ಲೇಪಕ್ಕೆ ತಾಗಬಾರದು.

ಉಳಿಸುವುದಾದರೆ ಶತ್ರುಗಳು ಮೂರು: ಬೆವರು, ತೇವ, ಅತಿಯಾದ ಅಕ್ಕರೆ. ನೈಟ್ರೈಲ್ ಗ್ಲವ್ಸ್ ಇಲ್ಲದೆ ಮುಟ್ಟಬೇಡಿ. ಚಿನ್ನಕ್ಕೆ ತುಕ್ಕು ಹಿಡಿಯದು ನಿಜ, ಆದರೆ ಆ ತೆಳು ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬೆವರಿನ ಉಪ್ಪು ಅಲ್ಲಿಂದ ಇಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ. ಪಾಲಿಶ್ ಹಾಕಿ ಉಜ್ಜಿದರೆ ಹೊಳಪಿನ ಬದಲು ಚಿನ್ನವೇ ಬಟ್ಟೆಗೆ ಬರುತ್ತದೆ. ಮರುಲೇಪ ಮಾಡಿಸುವ ಯೋಚನೆಯೂ ಬೇಡ, ಸಂಗ್ರಹಕಾರರ ಕಣ್ಣಿಗೆ ಅದು ಸವೆದ ಚಿನ್ನಕ್ಕಿಂತ ಕೀಳು. ಮೃದು ಬಟ್ಟೆಯಲ್ಲಿ ಒರೆಸಿ, ರೆನೆಸಾನ್ಸ್ ವ್ಯಾಕ್ಸ್ ಎಂಬ ರಕ್ಷಣೆಯ ಮೇಣ ತೆಳ್ಳಗೆ ಸವರಿದರೆ ಸಾಕು. ನಳಿಗೆಯೊಳಗೆ ಎಣ್ಣೆಯ ಒಂದು ಪ್ಯಾಚ್ ಎಳೆದು, ಬಾಯಿ ಕೆಳಗಾಗಿ ನಿಲ್ಲಿಸು. ಹಿಂಬದಿ ಕೆಳಗಾದರೆ ಎಣ್ಣೆ ಇಳಿದು ಮರವನ್ನು ಮೆತ್ತಗಾಗಿಸುತ್ತದೆ. ರಟ್ಟಿನ ಪೆಟ್ಟಿಗೆ, ಚರ್ಮದ ಚೀಲ, ಫೋಮ್ ಕೇಸು ಮೂರೂ ತೇವ ಹೀರಿ ಹಿಡಿದಿಡುತ್ತವೆ. ಆದ್ದರಿಂದ ಪೆಟ್ಟಿಗೆ ಬೇರೆ, ಕೋವಿ ಬೇರೆ. ಬೀಗದ ಸೇಫ್ ಒಳಗೆ ತೇವಾಂಶ ಶೇ. 45ರಿಂದ 50ರಲ್ಲಿ ನಿಲ್ಲಬೇಕು, ಮೀಟರ್ ಒಂದು ಒಳಗಿರಲಿ. ನಿಮ್ಮ ಬೇಸ್‌ಮೆಂಟ್ ಬೇಸಿಗೆಯಲ್ಲಿ ಬೆವರುತ್ತದೆ, ಅಲ್ಲಿ ಬೇಡ.

ಕೈಲ್‌ಪೊಳ್ದ್ ಪೂಜೆಗೆ ಇಡು, ಇಡಲೇಬೇಕು. ಆದರೆ ಇಲ್ಲಿ ಮಾಡುವ ಹಾಗೆ ನಳಿಗೆಯ ಬಾಯಿಗೆ ಹೂವಿನ ದಂಟು ತೂರಿಸಬೇಡ. ಈ ಹಬ್ಬಕ್ಕೆ ಕೋವಿಗೆ ಸಿಕ್ಕಿಸುವ ತೋಕ್‌ಪೂವು ಅಲ್ಲಿ ಸಿಗದೆ ಬೇರೆ ಯಾವ ಹೂವು ತಂದರೂ ಅದರ ರಸ ಬಾಯಿಯ ಅಂಚಿಗೆ ಒಸರಿ ರಾತ್ರಿಯೊಳಗೆ ಕಂದು ಚುಕ್ಕೆ ಬಿಡುತ್ತದೆ. ಗಂಧ ಒದ್ದೆ, ಒಣಗಿದ ಮೇಲೆ ಕೆರೆದೇ ತೆಗೆಯಬೇಕು. ಹೂವು, ಗಂಧ ಎರಡನ್ನೂ ಕೆಳಗೆ ಹಾಸಿದ ಬಿಳಿ ಬಟ್ಟೆಗೆ ಇಡು.

ಕಾನೂನಿನ ಒಂದು ಮಾತು. ಕೊಡವರಿಗೆ ಇಲ್ಲಿರುವ ಲೈಸೆನ್ಸ್ ವಿನಾಯಿತಿ ಅಲ್ಲಿ ಲೆಕ್ಕಕ್ಕಿಲ್ಲ. ನಿನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ, ತೊಂದರೆಯಿಲ್ಲ. ಹಬ್ಬಕ್ಕೆ ಬರುವ ಗೆಳೆಯರಲ್ಲಿ ಎಚ್-1ಬಿ ವೀಸಾದವರು ಇದ್ದೇ ಇರುತ್ತಾರೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಅವರು ಕೋವಿ ಹಿಡಿಯುವುದೇ ಫೆಡರಲ್ ಅಪರಾಧ, ‘ಒಂದೇ ಗುಂಡು’ ಅಂದರೂ ಕೊಡಬೇಡ. ಉಯಿಲಿನ ಪ್ರತಿಯನ್ನು ಸೇಫ್ ಪಕ್ಕದಲ್ಲೇ ಇಟ್ಟುಕೋ. ಊರಿಗೆ ತರುವ ಮಾತಂತೂ ಬಿಡು.

ಬೋಲ್ಟಿನ ಮುಖ, ಹ್ಯಾಮರಿನ ಮುಖ, ತೋಟಾ ತುಂಬುವ ಬಾಗಿಲಿನ ಅಂಚು, ಈ ಮೂರನ್ನೂ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಹತ್ತಿರದಿಂದ ಫೋಟೋ ತೆಗೆದು ಕಳಿಸು. ಅಳಿಯನ ಜೊತೆ ಭಾನುವಾರ ವಿಡಿಯೋದಲ್ಲಿ ಕೂತು ನೋಡೋಣ. ಅಲ್ಲಿಯವರೆಗೆ ಲಿವರ್ ಮತ್ತೆ ಆಡಿಸಬೇಡಿ.

ನಿನ್ನ
ಅಮ್ಮ