ಉದ್ಯಾನಗಳಲ್ಲಿ ಹುಲ್ಲು, ಪೊದೆ ಕತ್ತರಿಸುವ ಕ್ರಮ ಬದಲಿಸಲು ಕೋರಿ ಮನವಿ

ಇವರಿಗೆ,
ಅಧಿಕಾರಿಗಳು, ಉದ್ಯಾನ ನಿರ್ವಹಣಾ ವಿಭಾಗ

ವಿಷಯ: ಸಾರ್ವಜನಿಕ ಉದ್ಯಾನಗಳಲ್ಲಿ ಜೇಡಗಳ ನೆಲೆ ಉಳಿಸುವ ಕುರಿತು.

ಮಾನ್ಯರೇ,

ಉದ್ಯಾನಗಳಲ್ಲಿ ಹೆಚ್ಚು ಜಾತಿಯ ಗಿಡ ನೆಡುವ ನಿಮ್ಮ ವಿಭಾಗದ ನಾಟಿ ಯೋಜನೆಗೆ ನಮ್ಮ ಸಹಮತವಿದೆ. ಆದರೆ ಇಪ್ಪತ್ತು ಜಾತಿ ನೆಟ್ಟು ಎಲ್ಲವನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದರೆ ಜೇಡಗಳಿಗೆ ಹೆಚ್ಚೇನೂ ಸಿಗದು. ಒಂದೆರಡು ಅಪವಾದ ಬಿಟ್ಟರೆ ಜೇಡ ಗಿಡ ತಿನ್ನುವುದಿಲ್ಲ. ಅದಕ್ಕೆ ಬೇಕಾದುದು ಗಿಡದ ಆಕಾರ ಮತ್ತು ಆ ಗಿಡಕ್ಕೆ ಬರುವ ಹುಳು.

ಚಕ್ರದಂಥ ಬಲೆ ನೇಯುವ ಜೇಡಕ್ಕೆ ಎಳೆ ಬಿಗಿಯಲು ಗಟ್ಟಿ ಕವಲುಗಳೂ ಅವುಗಳ ನಡುವೆ ತೆರಪೂ ಬೇಕು. ಬೇಲಿಸಾಲನ್ನು ಗೋಡೆಯಂತೆ ಒತ್ತಾಗಿ ಸವರಿದಾಗ ಆ ತೆರಪೇ ಮುಚ್ಚಿಹೋಗುತ್ತದೆ. ಏಡಿಜೇಡ ಹೂವಿನ ಮೇಲೆ ಕಾಲು ಚಾಚಿ ಹೊಂಚು ಹಾಕುತ್ತದೆ. ಕಳೆಯೆಂದು ಹೂ ಬಿಡುವ ಮೊದಲೇ ಕಿತ್ತರೆ ಅದಕ್ಕೆ ಜಾಗವಿಲ್ಲ. ಮೊಟ್ಟೆಚೀಲವನ್ನು ಹಿಂಬದಿಗೆ ಅಂಟಿಸಿಕೊಂಡು ನೆಲದಲ್ಲಿ ಓಡಾಡುವ ತೋಳಜೇಡ ಮಾತ್ರ ಬೋಳು ಲಾನಿನಲ್ಲೂ ಹೇಗೋ ಬದುಕೀತು. ಹಾಗಾಗಿ ಲಾನಿನಲ್ಲಿ ಜೇಡಗಳು ಕಂಡವೆಂದರೆ ಎಲ್ಲ ಬಗೆಯವೂ ಇವೆ ಎಂದರ್ಥವಲ್ಲ.

ಆದ್ದರಿಂದ ಪ್ರತಿ ಉದ್ಯಾನದ ಹುಲ್ಲುಗಾವಲನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿ, ಒಂದು ಸಲಕ್ಕೆ ಒಂದನ್ನೇ ಕತ್ತರಿಸಬೇಕು. ಅಲಗು ನೆಲದಿಂದ ಕನಿಷ್ಠ 10 ಸೆಂ.ಮೀ. ಮೇಲಿರಲಿ. ಪಕ್ಕದ ಪಟ್ಟಿ ನಿಂತಿದ್ದರೆ ಜೇಡಗಳು ಅಲ್ಲಿಗೆ ಸರಿದು ಮತ್ತೆ ಮರಳುತ್ತವೆ. ಒಂದೇ ದಿನ ಎಲ್ಲವನ್ನೂ ಕತ್ತರಿಸಿದರೆ ಹೊರಗಿನಿಂದ ಬರುವವರೆಗೆ ಕಾಯಬೇಕು. ಕತ್ತರಿಸಿದ ಹುಲ್ಲನ್ನು ಒಂದೆರಡು ದಿನ ಅಲ್ಲೇ ಬಿಟ್ಟು ನಂತರ ಸಾಗಿಸಿ. ಪೊದೆಗಳ ಬುಡದ ತರಗೆಲೆಯನ್ನು ಗುಡಿಸುವುದು, ಸುಡುವುದು ಬೇಡ. ಒಣಗಿದ ಟೊಳ್ಳು ಕಾಂಡಗಳನ್ನೂ ಬಿಡಿ, ಮೊಟ್ಟೆಚೀಲಗಳು ಅಲ್ಲಿರುತ್ತವೆ. ದಾರಿಯ ಅಂಚಿನ ಒಂದು ಮೀಟರನ್ನು ಎಂದಿನಂತೆ ಚೊಕ್ಕವಾಗಿಟ್ಟರೆ ನಡೆಯುವವರ ದೂರೂ ಇರದು.

ಪೈರೆಥ್ರಾಯ್ಡ್ ಕೀಟನಾಶಕವನ್ನು ಪೊದೆಗಳಿಗೆ ವಾಡಿಕೆಯಂತೆ ಸಿಂಪಡಿಸುವುದನ್ನು ನಿಲ್ಲಿಸಬೇಕು. ಅದು ಜೇಡಗಳಿಗೆ ತೀವ್ರ ವಿಷ. ಗಿಡಹೇನುಗಳ ಸಂತತಿ ಬೇಗ ಚೇತರಿಸಿಕೊಳ್ಳುತ್ತದೆ, ಅವನ್ನು ತಿನ್ನುವ ಜೇಡಗಳದ್ದು ನಿಧಾನ. ಸಿಂಪಡಣೆಯ ನಂತರ ಹೇನು ಇನ್ನೂ ಹೆಚ್ಚುವುದುಂಟು.

ಫಲಿತಾಂಶ ಅಳೆಯುವಾಗ, ಓಡಾಡುವ ಜೇಡಗಳು ಬೀಳಲೆಂದು ನೆಲಮಟ್ಟಕ್ಕೆ ಹೂತಿಟ್ಟ ಲೋಟಗಳ ಲೆಕ್ಕವೊಂದನ್ನೇ ನಂಬಬಾರದು. ಲೋಟಕ್ಕೆ ಬೀಳುವುದು ಹೆಚ್ಚು ಓಡಾಡುವ ಜೇಡ. ಎತ್ತರದ ಹುಲ್ಲಿನಲ್ಲಿ ಓಡಾಟಕ್ಕೆ ಅಡ್ಡಿಯಾಗುವುದರಿಂದ ಬೋಳು ಲಾನೇ ಸಮೃದ್ಧವೆಂಬ ತಪ್ಪು ಲೆಕ್ಕ ಬರಬಹುದು. ಜೊತೆಗೆ ಪೊದೆಯ ಕೆಳಗೆ ಬಿಳಿ ಬಟ್ಟೆ ಹಿಡಿದು, ಪ್ರತಿ ಕೊಂಬೆಗೂ ಒಂದೇ ಸಂಖ್ಯೆಯ ಪೆಟ್ಟು ಕೊಟ್ಟು ಉದುರಿದವನ್ನು ಎಣಿಸಬೇಕು.

ಮುಂದಿನ ನಿರ್ವಹಣಾ ಗುತ್ತಿಗೆಯ ಷರತ್ತುಗಳಲ್ಲಿ ಪಟ್ಟಿಗಳ ಸರದಿ ಮತ್ತು ಅಲಗಿನ ಎತ್ತರವನ್ನು ನಮೂದಿಸಬೇಕೆಂದು ಕೋರುತ್ತೇವೆ.

ಇಂತಿ,
ಬಡಾವಣೆಯ ನಿವಾಸಿಗಳು