ಸೋತ ರಾತ್ರಿಯ ಮೈಕು

ಮಾನ್ಯ ಸಂಪಾದಕರೇ,

ವೃತ್ತಿಪರ ಕ್ರೀಡಾ ತಂಡವೊಂದರ ಮಾಧ್ಯಮ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದೇನೆ. ಗೆದ್ದ ದಿನ ನನ್ನ ಕೆಲಸ ಹೂವೆತ್ತಿದಷ್ಟು ಹಗುರ. ಅದರ ಭಾರ ತಿಳಿಯುವುದು ಸೋತ ದಿನವೇ. ಕಳೆದ ವಾರ, ಮಂಡಿಗೆ ಐಸ್ ಚೀಲ ಕಟ್ಟಿಕೊಂಡು ಗೋಡೆಗೊರಗಿ ಕುಳಿತಿದ್ದ ಇಪ್ಪತ್ತರ ಹುಡುಗನನ್ನು ಎಬ್ಬಿಸಿ ಮೈಕುಗಳ ಮುಂದೆ ಕರೆದೊಯ್ದೆ. "ನನ್ನ ತಪ್ಪಿನಿಂದ ಸೋತೆವು, ಆದರೆ ತಂಡ ನನ್ನ ಕೈಬಿಟ್ಟಿಲ್ಲ" ಎಂದ. ಮರುದಿನ ಪತ್ರಿಕೆಯೊಂದರ ತಲೆಬರಹದಲ್ಲಿ ಉಳಿದದ್ದು ಮೊದಲರ್ಧ ಮಾತ್ರ. ಅವನ ತಾಯಿ ನನಗೆ ಫೋನ್ ಮಾಡಿ ಅತ್ತರು.

2021ರ ಫ್ರೆಂಚ್ ಓಪನ್‌ನಲ್ಲಿ ಪತ್ರಿಕಾಗೋಷ್ಠಿಗೆ ಬಾರದ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಅವರಿಗೆ 15,000 ಡಾಲರ್ ದಂಡ ಬಿತ್ತು. ಮರುದಿನವೇ ಅವರು ಟೂರ್ನಿಯಿಂದ ಹಿಂದೆ ಸರಿದರು. ಆದರೂ ಆಟಗಾರರು ಮಾತನಾಡಬೇಕು ಎಂದೇ ನಾನು ನಂಬಿದ್ದೇನೆ. ಟಿಕೆಟ್ ಕೊಂಡು ಬಂದವರಿಗೆ ಉತ್ತರ ಸಿಗಬೇಕು. ಪತ್ರಕರ್ತ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಪಂದ್ಯ ಮುಗಿದ ಮೇಲೆ ಹತ್ತು ನಿಮಿಷ ಆಟಗಾರರನ್ನು ಉಸಿರಾಡಲು ಬಿಡಿ, ಆಡಿದ ಮಾತನ್ನು ಪೂರ್ತಿಯಾಗಿ ಅಚ್ಚುಹಾಕಿ.

– ನೊಂದ ಮಾಧ್ಯಮ ಅಧಿಕಾರಿ